ಕೊಡಗಿನ ಸಣ್ಣ ಅಡುಗೆಮನೆ

ಕೊಡಗಿನ ಸಣ್ಣ ಅಡುಗೆಮನೆ ಎಂಬುದು ಕರ್ನಾಟಕದ ಕೊಡಗು ಜಿಲ್ಲೆಯ ಕಾಫಿ ತೋಟಗಳ ಲೈನ್ ಮನೆ, ಆದಿವಾಸಿ ಹಾಡಿಯ ಮನೆ, ಪಟ್ಟಣದ ಇಳಿಜಾರು ನಿವೇಶನದ ಮನೆ ಹಾಗೂ ಪುನರ್ವಸತಿ ಬಡಾವಣೆಗಳ ಮನೆಗಳಲ್ಲಿ ಕಂಡುಬರುವ ಕಿರಿದಾದ ಅಡುಗೆಯ ಸ್ಥಳವಾಗಿದೆ. ಅಡುಗೆ, ಪಾತ್ರೆ, ದಿನಸಿ, ಸೌದೆ, ನೀರು ಇವೆಲ್ಲಕ್ಕೂ ಇಲ್ಲಿ ಕೆಲವೇ ಚದರ ಮೀಟರಿನೊಳಗೆ ಎಡೆ ಮಾಡಬೇಕಾಗುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಸ್ಥಳದ ಅಭಾವಕ್ಕಿಂತ ಒಣ ಸ್ಥಳದ ಅಭಾವವೇ ದೊಡ್ಡದು. ಆದ್ದರಿಂದ ಇಲ್ಲಿನ ಅಡುಗೆಮನೆಗಳ ಜೋಡಣೆಯನ್ನು ಬಯಲುಸೀಮೆಯ ಅಥವಾ ಮಹಾನಗರದ ಅಡುಗೆಮನೆಗಳ ಮಾದರಿಯಿಂದ ವಿವರಿಸಲಾಗುವುದಿಲ್ಲ. ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟವು ಈ ಸಮಸ್ಯೆಗೆ ಪರಿಹಾರವಾಗಿತ್ತು. ಸೌದೆ ಒಲೆ ಮರೆಯಾದ ಮನೆಗಳಲ್ಲಿ ಆ ಸ್ಥಾನವನ್ನು ಬೇರೆ ಬಗೆಯಲ್ಲಿ ತುಂಬಬೇಕಾಗಿದೆ.

ಮಳೆ ಮತ್ತು ಸಂಗ್ರಹ

ಪಶ್ಚಿಮಘಟ್ಟದ ಮೇಲಿರುವ ಕೊಡಗಿಗೆ ನೈಋತ್ಯ ಮುಂಗಾರು ಜೂನ್ ಮೊದಲ ಭಾಗದಲ್ಲಿ ಪ್ರವೇಶಿಸಿ ಸೆಪ್ಟೆಂಬರಿನವರೆಗೆ ಮಳೆ ಸುರಿಸುತ್ತದೆ. ಮಡಿಕೇರಿಯಲ್ಲಿ ವಾರ್ಷಿಕ ಸರಾಸರಿ ಮಳೆ 3,000 ಮಿಲಿಮೀಟರಿಗೂ ಹೆಚ್ಚು. ಭಾಗಮಂಡಲದ ಕಡೆಗೆ ಇದು ಇನ್ನೂ ಏರುತ್ತದೆ. ಪೂರ್ವದ ಕುಶಾಲನಗರದ ಕಡೆಗೆ ಗಣನೀಯವಾಗಿ ಇಳಿಯುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳು ಅತಿ ಬಿರುಸಿನ ಮಳೆಯ ಕಾಲ. ಹಿಂದೆ ಈ ಅವಧಿಯಲ್ಲಿ ಸಂತೆಗೆ ಹೋಗಿಬರುವುದೇ ಕಷ್ಟವಾಗಿದ್ದರಿಂದ ಅಕ್ಕಿ, ಅಕ್ಕಿತರಿ, ಮೆಣಸಿನಕಾಯಿ, ಉಪ್ಪು, ಬೆಲ್ಲ, ಒಣಮೀನು, ಉಪ್ಪಿನಕಾಯಿ ಮುಂತಾದವನ್ನು ಮೇ ತಿಂಗಳಲ್ಲೇ ಮನೆಯೊಳಗೆ ಸೇರಿಸಿಕೊಳ್ಳುವುದು ವಾಡಿಕೆಯಾಗಿತ್ತು. ರಸ್ತೆ ಸುಧಾರಿಸಿದ ಮೇಲೂ ಈ ವಾಡಿಕೆ ಪೂರ್ತಿ ಬಿಟ್ಟುಹೋಗಿಲ್ಲ. ಗಾಳಿಮಳೆಗೆ ಮರಗಳು ತಂತಿಯ ಮೇಲೆ ಬಿದ್ದು ವಿದ್ಯುತ್ತು ದಿನಗಟ್ಟಲೆ ಇಲ್ಲದಿರುವುದು ಸಾಮಾನ್ಯವಾಗಿರುವುದರಿಂದ, ರೆಫ್ರಿಜರೇಟರನ್ನು ನಂಬಿ ಸಂಗ್ರಹವನ್ನು ಕಡಿಮೆ ಮಾಡುವ ನಗರದ ಉಪಾಯ ಇಲ್ಲಿ ಮಳೆಗಾಲದಲ್ಲಿ ಕೈಕೊಡುತ್ತದೆ.

ಹೀಗಾಗಿ ಸಣ್ಣ ಅಡುಗೆಮನೆಯಲ್ಲಿ ಅತಿ ಹೆಚ್ಚು ಸಾಮಾನು ಇರುವ ಕಾಲವೂ ಗಾಳಿಯಲ್ಲಿ ಅತಿ ಹೆಚ್ಚು ತೇವ ಇರುವ ಕಾಲವೂ ಒಂದೇ ಆಗಿದೆ. ಉಪ್ಪು ನೀರು ಬಿಡುತ್ತದೆ, ಬೆಲ್ಲ ಕರಗುತ್ತದೆ, ಮೆಣಸಿನಕಾಯಿಗೆ ಬೂಸ್ಟು ಹಿಡಿಯುತ್ತದೆ, ಅಕ್ಕಿಗೆ ಹುಳು ಬೀಳುತ್ತದೆ. ಬಾಗಿಲು ಮುಚ್ಚಿದ ಕಪಾಟಿನೊಳಗೆ ಇವೆಲ್ಲವೂ ಇನ್ನಷ್ಟು ಬೇಗ ಸಂಭವಿಸುತ್ತವೆ.

ಕೊಡಗಿನ ಆಹಾರದಲ್ಲಿ ಕೆಲವು ಪದಾರ್ಥಗಳು ಸ್ವತಃ ಸ್ಥಳ ಉಳಿಸುವಂಥವು. ಕಾಚಂಪುಳಿ ಇದಕ್ಕೆ ಉತ್ತಮ ಉದಾಹರಣೆ. ಕಾಚಂಪುಳಿ ಹಣ್ಣಿನ ರಸವನ್ನು ಬಹಳ ಹೊತ್ತು ಕುದಿಸಿ ಕಪ್ಪಗೆ ಗಟ್ಟಿಯಾಗಿ ಇಳಿಸಿದ ಈ ಹುಳಿ ಬಾಟಲಿಯಲ್ಲಿ ವರ್ಷಗಳ ಕಾಲ ಕೆಡುವುದಿಲ್ಲ. ಹಂದಿಮಾಂಸದ ಸಾರಿಗೆ ಒಂದೆರಡು ಚಮಚ ಸಾಕಾಗುವುದರಿಂದ ಬುಟ್ಟಿಗಟ್ಟಲೆ ಹಣ್ಣಿನ ಹುಳಿ ಒಂದು ಗೂಡಿನ ಮೂಲೆಯಲ್ಲಿ ಅಡಗುತ್ತದೆ. ಮಳೆಗಾಲದಲ್ಲಿ ಸಿಗುವ ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಬಳಿಕ ಉಪ್ಪುನೀರಿನಲ್ಲಿ ಹಾಕಿಡುವುದೂ ಇದೇ ಬಗೆಯದು.

ಒಲೆಯ ಮೇಲಿನ ಅಟ್ಟ

ಸೌದೆ ಒಲೆಯ ನೇರ ಮೇಲೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲಕ್ಕೆ, ಬಿದಿರಿನ ಗಳಗಳನ್ನಾಗಲಿ ಮರದ ಪಟ್ಟಿಗಳನ್ನಾಗಲಿ ಸಂದು ಬಿಟ್ಟು ಜೋಡಿಸಿ ಮಾಡಿದ ತಟ್ಟು ಕೊಡಗಿನ ಮತ್ತು ಮಲೆನಾಡಿನ ಹಳೆಯ ಅಡುಗೆಮನೆಗಳ ಮುಖ್ಯ ಅಂಗವಾಗಿತ್ತು. ನೆಲದ ಮೇಲೆ ಒಂದಿಂಚೂ ಜಾಗ ಬೇಡದ ಈ ಅಟ್ಟ ಮನೆಯಲ್ಲೇ ಅತ್ಯಂತ ಒಣಗಿದ ಸ್ಥಳವಾಗಿರುತ್ತಿತ್ತು. ಒಲೆಯ ಶಾಖ ತೇವವನ್ನು ಹೊರದೂಡುತ್ತಿತ್ತು. ಹೊಗೆ ಹುಳುಹುಪ್ಪಟೆಯನ್ನು ದೂರವಿಡುತ್ತಿತ್ತು. ಮಸಿ ಹಿಡಿದ ಬಿದಿರಿಗೂ ಮಾಡಿನ ಮರಕ್ಕೂ ಗೆದ್ದಲಿನ ಕಾಟ ಕಡಿಮೆಯಾಗುತ್ತಿತ್ತು.

ಅಟ್ಟದಲ್ಲಿ ವಸ್ತುಗಳನ್ನು ಇಡುವುದಕ್ಕೆ ಒಂದು ಕ್ರಮವಿತ್ತು. ಒಲೆಗೆ ಹತ್ತಿರವಾಗಿ, ಹೆಚ್ಚು ಹೊಗೆ ತಾಗುವಂತೆ, ಉಪ್ಪು ಅರಿಸಿನ ಸವರಿದ ಮಾಂಸದ ತುಂಡುಗಳನ್ನು ತೂಗುಹಾಕಲಾಗುತ್ತಿತ್ತು. ಮೀನು ಮತ್ತು ಮರುದಿನದ ಸೌದೆಗೂ ಅಲ್ಲೇ ಸ್ಥಾನ. ಅದರ ಮೇಲೆ ಮೆಣಸಿನಕಾಯಿ, ಬಿತ್ತನೆಗೆ ತೆಗೆದಿಟ್ಟ ಸೌತೆ ಮತ್ತು ಕುಂಬಳದ ಬೀಜ. ಅಂಚಿನಲ್ಲಿ, ಬಿಸಿ ಕಡಿಮೆ ಇರುವೆಡೆ, ಮೊರ, ಬುಟ್ಟಿ, ಜರಡಿ. ಮಳೆಗಾಲದಲ್ಲಿ ಒಣಗದ ಬಟ್ಟೆಗೂ ಒಲೆಯ ಸುತ್ತಲಿನ ಜಾಗವೇ ಗತಿ. ಹೀಗೆ ಉಗ್ರಾಣ, ಒಣಗಿಸುವ ಕೋಣೆ, ಸೌದೆಮನೆ ಎಂಬ ಮೂರರ ಕೆಲಸವನ್ನು ಒಂದು ಒಲೆಯ ಮೇಲಿನ ಜಾಗ ಮಾಡುತ್ತಿತ್ತು. ಸ್ಥಳದ ಮಿತವ್ಯಯದ ದೃಷ್ಟಿಯಿಂದ ಇದಕ್ಕೆ ಸಮನಾದ ವ್ಯವಸ್ಥೆ ಆಧುನಿಕ ಅಡುಗೆಮನೆಯಲ್ಲಿ ಇಲ್ಲ.

ಅಟ್ಟದ ಜೊತೆಗೆ ಇನ್ನೂ ಕೆಲವು ಸಾಧನಗಳಿದ್ದವು. ಜಂತಿಯಿಂದ ಇಳಿಬಿಟ್ಟ ಹಗ್ಗದ ನೆಲುವಿನಲ್ಲಿ ಹಾಲು ಮೊಸರಿನ ಪಾತ್ರೆಗಳು ಇಲಿ ಬೆಕ್ಕುಗಳಿಗೆ ಎಟುಕದಂತೆ ಒಂದರ ಮೇಲೊಂದು ಕೂರುತ್ತಿದ್ದವು. ಮಣ್ಣಿನ ಗೋಡೆ ದಪ್ಪವಾಗಿದ್ದುದರಿಂದ ಅದರೊಳಗೇ ಗೂಡು ಕೊರೆದು ದೀಪ, ಉಪ್ಪಿನ ಮರಿಗೆ, ಸಾಂಬಾರದ ಡಬ್ಬಿಗಳನ್ನು ಇಡಲಾಗುತ್ತಿತ್ತು. ಗೂಡು ಗೋಡೆಯಿಂದ ಹೊರಚಾಚದ ಕಪಾಟಾದ್ದರಿಂದ ಓಡಾಟದ ಜಾಗವನ್ನು ಕಸಿಯುವುದಿಲ್ಲ. ಹಂಚಿನ ಮಾಡಿನಲ್ಲಿ ಒಂದೆರಡು ಗಾಜಿನ ಹಂಚು ಹಾಕಿದರೆ ಬೆಳಕು ಮೇಲಿನಿಂದ ಬೀಳುತ್ತದೆ. ಬೆಳಕಿಗಾಗಿಯೇ ಗೋಡೆಯನ್ನು ಕಿಟಕಿಗೆ ಬಿಡಬೇಕಾಗುವುದಿಲ್ಲವಾದ್ದರಿಂದ ಆ ಗೋಡೆಯೂ ಸಾಮಾನಿಡಲು ದೊರೆಯುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಕರಾವಳಿಯಿಂದ ಘಟ್ಟದ ಮೇಲಕ್ಕೆ ಹಬ್ಬಿದ ಮಂಗಳೂರು ಹಂಚು, ಸಂದುಗಳ ಮೂಲಕ ಹೊಗೆಯನ್ನು ನಿಧಾನವಾಗಿ ಹೊರಬಿಡುತ್ತಿದ್ದುದರಿಂದ ಈ ಇಡೀ ವ್ಯವಸ್ಥೆಗೆ ಹೊಂದಿಕೊಂಡಿತು.

ಈ ಅನುಕೂಲಕ್ಕೆ ಅಡುಗೆ ಮಾಡುವವರು ತೆರುತ್ತಿದ್ದ ಬೆಲೆ ದೊಡ್ಡದು. ಅಟ್ಟವನ್ನು ಒಣಗಿಸುತ್ತಿದ್ದ ಹೊಗೆಯೇ ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳನ್ನು ಹೊಕ್ಕುತ್ತಿತ್ತು. ಮನೆಯೊಳಗಿನ ವಾಯುಮಾಲಿನ್ಯದಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಮೃತಪಟ್ಟರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಕೋಣೆ ಸಣ್ಣದಾದಷ್ಟೂ ಹೊಗೆ ದಟ್ಟವಾಗುತ್ತದೆ ಎಂಬುದನ್ನು ಗಮನಿಸಿದರೆ, ಹಳೆಯ ಅಟ್ಟವನ್ನು ಕೇವಲ ಜಾಣ್ಮೆಯ ಕುರುಹಾಗಿ ಕೊಂಡಾಡುವುದು ಅರ್ಧ ಸತ್ಯವಾಗುತ್ತದೆ.

ಐನ್‌ಮನೆಯಿಂದ ಬಿಡಿ ಮನೆಗೆ

ಕೊಡವರ ಒಕ್ಕದ ಮೂಲಮನೆಯಾದ ಐನ್‌ಮನೆಯ ಅಡುಗೆಮನೆ ಸಣ್ಣದಲ್ಲ. ಕೂಡುಕುಟುಂಬಕ್ಕೂ ಹಬ್ಬಕ್ಕೆ ಬಂದ ನೆಂಟರಿಗೂ ಅಡುಗೆಯಾಗಬೇಕಾದ ಆ ಕೋಣೆಯಲ್ಲಿ ಒಲೆಗಳು ಹಲವು, ಪಾತ್ರೆಗಳು ದೊಡ್ಡವು. ನೆಲ್ಲಕ್ಕಿ ನಡುಬಾಡೆ, ಕನ್ನಿಕೋಂಬರೆ ಮುಂತಾದ ಸ್ಥಳಗಳಿಗೆ ಆಚರಣೆಯ ಮಹತ್ವವಿದ್ದಂತೆ ಅಡುಗೆಮನೆಗೆ ದಿನಬಳಕೆಯ ಮಹತ್ವವಿತ್ತು. ಭತ್ತದ ಕಣಜ ಬೇರೆ, ಬಚ್ಚಲು ಬೇರೆ, ಸೌದೆಯ ಕೊಟ್ಟಿಗೆ ಬೇರೆ. ಒಕ್ಕದ ಸಂಸಾರಗಳು ತಮ್ಮ ತಮ್ಮ ತೋಟಗದ್ದೆಗಳಲ್ಲಿ ಬೇರೆ ಮನೆ ಕಟ್ಟಿಕೊಂಡಾಗ ಈ ಬಿಡಿಬಿಡಿ ಕಟ್ಟಡಗಳೆಲ್ಲ ಜೊತೆಗೆ ಬರಲಿಲ್ಲ. ಹೊಸ ಮನೆಯಲ್ಲಿ ಅವುಗಳ ಕೆಲಸ ಒಂದೇ ಅಡುಗೆಮನೆಯ ಮೇಲೆ ಬಿತ್ತು.

ಪಾತ್ರೆಗಳಾದರೂ ಹಳೆಯವೇ ಉಳಿದವು. ಕಡಂಬುಟ್ಟು ಮತ್ತು ಪಾಪುಟ್ಟು ಬೇಯಿಸುವ ಹಬೆಪಾತ್ರೆ, ನೂಲ್‌ಪುಟ್ಟು ಒತ್ತುವ ಮರದ ಒರಳು, ಅಕ್ಕಿ ಒಟ್ಟಿಯ ಕಾವಲಿ, ರುಬ್ಬುವ ಕಲ್ಲು ಇವು ಯಾವುವೂ ಸಣ್ಣ ಕಪಾಟಿಗೆಂದು ರೂಪಿಸಿದವಲ್ಲ. ರುಬ್ಬುವ ಕಲ್ಲು ಮಿಕ್ಸಿ ಬಂದ ಮೇಲೆ ಹಿತ್ತಲಿಗೆ ಹೋಯಿತು. ನೂಲ್‌ಪುಟ್ಟಿನ ಮರದ ಒರಳಿನ ಜಾಗಕ್ಕೆ ಕೈಯಲ್ಲಿ ತಿರುಗಿಸುವ ಹಿತ್ತಾಳೆ ಅಥವಾ ಉಕ್ಕಿನ ಅಚ್ಚು ಬಂದಿತು. ಹಬೆಪಾತ್ರೆ ಮಾತ್ರ ಬಿಡಲಾಗದ್ದು. ಅದರೊಳಗೆ ತಟ್ಟೆ, ಬಟ್ಟೆ, ಸಣ್ಣ ಪಾತ್ರೆಗಳನ್ನು ತುಂಬಿಟ್ಟು ಅದನ್ನೇ ಡಬ್ಬಿಯಂತೆ ಬಳಸುವುದು ಸಾಮಾನ್ಯ ರೂಢಿ. ದೊಡ್ಡ ಪಾತ್ರೆಯ ಹೊಟ್ಟೆ ಖಾಲಿ ಇರಬಾರದೆಂಬುದು ಸಣ್ಣ ಅಡುಗೆಮನೆಯ ಜೋಡಣೆಯಲ್ಲಿ ಎಲ್ಲೆಡೆಯೂ ಪಾಲಿಸಬಹುದಾದ ಕ್ರಮ.

ಲೈನ್ ಮನೆಯ ಅಡುಗೆ ಮೂಲೆ

ಕೊಡಗಿನಲ್ಲಿ ಅತ್ಯಂತ ಕಿರಿದಾದ ಅಡುಗೆಯ ಸ್ಥಳಗಳು ಕಾಫಿ ತೋಟಗಳ ಲೈನ್ ಮನೆಗಳಲ್ಲಿವೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡ ಬಳಿಕ, 1850ರ ದಶಕದಿಂದ ಐರೋಪ್ಯರು ದೊಡ್ಡ ಪ್ರಮಾಣದಲ್ಲಿ ಕಾಫಿ ತೋಟಗಳನ್ನು ತೆರೆದರು. ಕೆಲಸಗಾರರಿಗಾಗಿ ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಕೋಣೆಗಳಿಗೆ ‘ಲೈನು’ ಎಂಬ ಹೆಸರು ಬಂದಿತು. ಯರವ, ಪಣಿಯ, ಜೇನುಕುರುಬ ಮೊದಲಾದ ಸಮುದಾಯಗಳವರೂ ಮೈಸೂರು, ತಮಿಳುನಾಡು, ಕೇರಳಗಳ ಕಡೆಯಿಂದ ಬಂದವರೂ ಇವುಗಳಲ್ಲಿ ತಲೆಮಾರುಗಟ್ಟಲೆ ಬಾಳಿದ್ದಾರೆ. ಇತ್ತೀಚಿನ ದಶಕಗಳಲ್ಲಿ ಅಸ್ಸಾಂ ಮತ್ತು ಪಶ್ಚಿಮ ಬಂಗಾಳದಿಂದ ಬಂದ ಕೂಲಿಗಾರರೂ ಸೇರಿದ್ದಾರೆ.

ಸಾಲುಮನೆಯ ರಚನೆಯಲ್ಲೇ ಒಂದು ತೊಡಕಿದೆ. ಎಡಬಲದ ಗೋಡೆಗಳು ನೆರೆಮನೆಯವರೊಂದಿಗೆ ಹಂಚಿಕೊಂಡವು. ಅವುಗಳಲ್ಲಿ ಕಿಟಕಿ ತೆರೆಯುವಂತಿಲ್ಲ, ಗೂಡು ಕೊರೆಯುವಂತಿಲ್ಲ. ಗಾಳಿ ಬೆಳಕುಗಳಿಗೆ ಉಳಿಯುವುದು ಮುಂಬಾಗಿಲು ಮತ್ತು ಹಿಂಬದಿ ಮಾತ್ರ. ಸಾಮಾನ್ಯವಾಗಿ ಒಲೆ ಹಿಂಬದಿಯ ಮೂಲೆಯಲ್ಲಿರುತ್ತದೆ. ಹಳೆಯ ಲೈನುಗಳಲ್ಲಿ ಅಡುಗೆಯೂ ಊಟವೂ ನಿದ್ರೆಯೂ ಒಂದೇ ಕೋಣೆಯಲ್ಲಿ ನಡೆಯುತ್ತಿದ್ದವು. ಆದ್ದರಿಂದ ಅಲ್ಲಿನ ಸ್ಥಳದ ಬಳಕೆಯನ್ನು ಕಾಲದ ಮೂಲಕವೂ ನೋಡಬೇಕು. ಬೆಳಗಿನ ಕೆಲಸಕ್ಕೆ ಹೊರಡುವ ಮೊದಲು ಅಡುಗೆಮನೆಯಾಗಿದ್ದ ನೆಲ ರಾತ್ರಿ ಚಾಪೆ ಹಾಸುವ ನೆಲವಾಗುತ್ತದೆ. ಹಾಗಾಗಿ ಪಾತ್ರೆ ಪದಾರ್ಥಗಳಾವುವೂ ನೆಲದ ಮೇಲೆ ಉಳಿಯುವಂತಿಲ್ಲ. ಗೋಡೆಯಿಂದ ಗೋಡೆಗೆ ಕಟ್ಟಿದ ಬಿದಿರಿನ ಗಳ, ಮೊಳೆಗೆ ಸಿಕ್ಕಿಸಿದ ಚೀಲ, ಒಲೆಯ ಮೇಲಿನ ಹಲಗೆ, ಬಾಗಿಲ ಹಿಂದಿನ ಕೊಡಗಳ ಸಾಲು ಇವೇ ಕಪಾಟುಗಳು. ಪಾತ್ರೆ ತೊಳೆಯುವುದು ಸೂರಿನ ಕೆಳಗೆ, ಮನೆಯ ಹೊರಗೆ. ಕಾಫಿ ಗಿಡ ಕಸಿ ಮಾಡಿದಾಗ, ನೆರಳಿನ ಮರ ಸವರಿದಾಗ ಸಿಗುವ ಕೊಂಬೆಗಳೇ ಸೌದೆಯಾದ್ದರಿಂದ ಅವನ್ನು ಮಳೆಗೆ ಮೊದಲೇ ಕಡಿದು, ಸೂರಿನಡಿ ಗೋಡೆಗೆ ಒತ್ತಿ ಪೇರಿಸಲಾಗುತ್ತದೆ. ಈ ಸೌದೆಯ ರಾಶಿ ಎರಚಲಿನಿಂದ ಗೋಡೆಯನ್ನೂ ಕಾಪಾಡುತ್ತದೆಯೆಂಬುದು ನಿಜವಾದರೂ, ಅದೇ ಕಾರಣಕ್ಕೆ ಹೊರಸಾಲಿನ ಸೌದೆ ಹಸಿಯಾಗಿ ಹೊಗೆಯನ್ನು ಹೆಚ್ಚಿಸುತ್ತದೆ.

1951ರ ತೋಟಗಾರಿಕಾ ಕಾರ್ಮಿಕರ ಕಾಯಿದೆಯ 15ನೇ ಕಲಮು ತೋಟದಲ್ಲಿ ವಾಸಿಸುವ ಕೆಲಸಗಾರರಿಗೂ ಅವರ ಕುಟುಂಬಗಳಿಗೂ ಮನೆ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಆದರೆ ಕಾಯಿದೆಯ ವ್ಯಾಪ್ತಿ 5 ಹೆಕ್ಟೇರು ಮತ್ತು ಅದಕ್ಕಿಂತ ದೊಡ್ಡದಾದ, 15 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ತೋಟಗಳಿಗೆ ಸೀಮಿತವಾಗಿತ್ತು. ಕೊಡಗಿನಲ್ಲಿ ಸಣ್ಣ ಹಿಡುವಳಿಗಳು ಬಹಳವಾಗಿರುವುದರಿಂದ ಅನೇಕ ಲೈನ್ ಮನೆಗಳು ಅದರ ಕಣ್ಣಿಗೆ ಬೀಳಲಿಲ್ಲ. ಇನ್ನೊಂದು ಸಂಗತಿಯೂ ಅಡುಗೆಮನೆಯ ಸ್ಥಿತಿಯನ್ನು ನಿರ್ಧರಿಸುತ್ತದೆ: ಲೈನ್ ಮನೆ ಕೆಲಸಕ್ಕೆ ಅಂಟಿಕೊಂಡದ್ದು, ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ತನ್ನದಲ್ಲದ ಗೋಡೆಗೆ ಕಲ್ಲಿನ ತಟ್ಟು ಕೂರಿಸಲು, ಹೊಗೆಕೊಳವೆ ಹಾಕಿಸಲು ವಾಸಿಸುವವರು ಹಣ ಹಾಕುವುದಿಲ್ಲ. ಬಾಡಿಗೆ ಮನೆಗಳಿಗೆ ಸೂಚಿಸಲಾಗುವಂತೆ ಮೊಳೆಯ ಬದಲು ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು, ಕಟ್ಟಿ ಬಿಚ್ಚಬಹುದಾದ ಗಳ, ಹೊತ್ತೊಯ್ಯಬಹುದಾದ ಟ್ರಂಕು ಇವೇ ಇಲ್ಲಿ ಹೆಚ್ಚು ಉಪಯುಕ್ತ.

ಅಳತೆಗಳು

ಸಣ್ಣ ಅಡುಗೆಮನೆಯ ಶಾಸ್ತ್ರೀಯ ಅಧ್ಯಯನ ಕೈಗಾರಿಕಾ ನಗರಗಳ ಕಾರ್ಮಿಕ ವಸತಿಗಳಿಂದ ಆರಂಭವಾಯಿತು. ಆಸ್ಟ್ರಿಯದ ವಾಸ್ತುಶಿಲ್ಪಿ ಮಾರ್ಗರೇಟೆ ಶ್ಯುಟ್ಟೆ-ಲಿಹೊಟ್ಸ್ಕಿ 1926ರಲ್ಲಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ್ದು; ಅಂಥವು ಸುಮಾರು 10,000 ನಿರ್ಮಾಣವಾದವು. ಒಲೆ, ನೀರಿನ ತೊಟ್ಟಿ, ಆಹಾರ ಸಂಗ್ರಹ ಈ ಮೂರರ ನಡುವಿನ ದೂರಗಳ ಮೊತ್ತ ಸುಮಾರು 4ರಿಂದ 8 ಮೀಟರಿನೊಳಗಿರಬೇಕೆಂಬ ‘ಕೆಲಸದ ತ್ರಿಕೋನ’ದ ಸೂತ್ರ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1940ರ ದಶಕದಲ್ಲಿ ರೂಪುಗೊಂಡಿತು. ಲೈನ್ ಮನೆಯಂಥ ಸ್ಥಳದಲ್ಲಿ ಮೂರೂ ಬಿಂದುಗಳು ಒಂದೇ ಗೋಡೆಯ ಮೇಲೆ ಬೀಳುವುದರಿಂದ ಈ ಸೂತ್ರದ ಪ್ರಯೋಜನ ಸ್ವಲ್ಪವೇ.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಊಟಕ್ಕೆ ಬೇರೆ ಸ್ಥಳವಿರುವ ಮನೆಯಲ್ಲಿ ಅಡುಗೆಮನೆ ಕನಿಷ್ಠ 5 ಚದರ ಮೀಟರ್ ವಿಸ್ತೀರ್ಣ ಮತ್ತು 1.8 ಮೀಟರ್ ಅಗಲ ಹೊಂದಿರಬೇಕು. ಪ್ರತ್ಯೇಕ ಉಗ್ರಾಣವಿದ್ದರೆ 4.5 ಚದರ ಮೀಟರ್ ಸಾಕು. ಊಟವೂ ಅಲ್ಲೇ ನಡೆಯುವುದಾದರೆ 7.5 ಚದರ ಮೀಟರ್ ಬೇಕು. ಕಡಿಮೆ ಆದಾಯದವರ ಎರಡು ಕೋಣೆಯ ಮನೆಗಳಿಗೆ 3.3 ಚದರ ಮೀಟರ್ ಮತ್ತು 1.5 ಮೀಟರ್ ಅಗಲದ ರಿಯಾಯಿತಿ ಇದೆ. ಉಗ್ರಾಣಕ್ಕೆ ಬದಲಾಗಿ ಸಂಹಿತೆ ಬಿಟ್ಟುಕೊಡುವುದು ಅರ್ಧ ಚದರ ಮೀಟರ್ ಮಾತ್ರ. ನಾಲ್ಕು ತಿಂಗಳ ದಿನಸಿ ಕೂಡಿಡುವ ಕೊಡಗಿನ ಮನೆಗೆ ಈ ಲೆಕ್ಕ ಹೊಂದುವುದಿಲ್ಲ.

1.5 ಮೀಟರ್ ಅಗಲದ ಕೋಣೆಯಲ್ಲಿ 60 ಸೆಂಟಿಮೀಟರ್ ಅಗಲದ ಅಡುಗೆ ಕಟ್ಟೆ ಕಟ್ಟಿದರೆ ನಿಲ್ಲಲು 90 ಸೆಂಟಿಮೀಟರ್ ಉಳಿಯುತ್ತದೆ. ಎದುರು ಗೋಡೆಗೂ ಕಟ್ಟೆ ಕಟ್ಟಿದರೆ ಉಳಿಯುವುದು 30 ಸೆಂಟಿಮೀಟರ್; ಅಲ್ಲಿ ಒಬ್ಬರು ನಿಲ್ಲಲಾಗದು. ಆದುದರಿಂದ ಇಂಥ ಕೋಣೆಯಲ್ಲಿ ಕಟ್ಟೆ ಒಂದೇ ಗೋಡೆಗಿರಬೇಕು, ಎದುರು ಗೋಡೆಗೆ 15ರಿಂದ 20 ಸೆಂಟಿಮೀಟರ್ ಆಳದ ತಟ್ಟುಗಳಿರಬೇಕು. ಅಷ್ಟು ಆಳದಲ್ಲಿ ಡಬ್ಬಿಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಹಿಂದಿನ ಸಾಲಿನಲ್ಲಿ ಮರೆತುಹೋದ ಡಬ್ಬಿಯೇ ಮಳೆಗಾಲದಲ್ಲಿ ಮೊದಲು ಬೂಸ್ಟು ಹಿಡಿಯುವುದರಿಂದ, ಕಿರಿದಾದ ತಟ್ಟು ಇಲ್ಲಿ ಕೊರತೆಯಲ್ಲ, ಅನುಕೂಲ. ಕೋಣೆಯ ಎತ್ತರ 2.75 ಮೀಟರ್, ಕಟ್ಟೆಯ ಎತ್ತರ 85 ಸೆಂಟಿಮೀಟರ್ ಇದ್ದರೆ ಅದರ ಮೇಲೆ 1.9 ಮೀಟರ್ ಗೋಡೆ ದೊರೆಯುತ್ತದೆ. ಅದರಲ್ಲಿ ಕೈಗೆಟುಕುವ ಭಾಗ ಅರ್ಧದಷ್ಟು. ಅದಕ್ಕಿಂತ ಮೇಲಿನದು ಹುತ್ತರಿ, ಕೈಲ್‌ಪೊಳ್ದ್ ಮುಂತಾದ ಹಬ್ಬಗಳಲ್ಲಿ ಮಾತ್ರ ಇಳಿಸುವ ಪಾತ್ರೆಗಳಿಗೆ ಸರಿ.

ಗ್ಯಾಸ್ ಒಲೆ ಮತ್ತು ಕಾಂಕ್ರೀಟು ಮಾಡು

ಅಡುಗೆ ಅನಿಲದ ಬಳಕೆ ಪಟ್ಟಣಗಳಿಂದ ಹಳ್ಳಿಗಳಿಗೆ ಹಬ್ಬಿದಂತೆ, ವಿಶೇಷವಾಗಿ 2016ರಲ್ಲಿ ಪ್ರಧಾನಮಂತ್ರಿ ಉಜ್ವಲಾ ಯೋಜನೆ ಆರಂಭವಾದ ಬಳಿಕ, ಸಣ್ಣ ಮನೆಗಳ ಅಡುಗೆಕೋಣೆ ಹೊಗೆಯಿಂದ ಬಹುಮಟ್ಟಿಗೆ ಬಿಡುಗಡೆ ಪಡೆಯಿತು. ಅದೇ ಹೊತ್ತಿಗೆ ಹಂಚಿನ ಮಾಡಿನ ಸ್ಥಾನಕ್ಕೆ ಕಾಂಕ್ರೀಟು ಬಂದಿತು. ಒಲೆಯ ಮೇಲಿನ ಅಟ್ಟ ಹೋಗಿ ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಕಾಂಕ್ರೀಟಿನ ಸಜ್ಜಾ ಕಾಣಿಸಿಕೊಂಡಿತು. ನೋಟಕ್ಕೆ ಎರಡೂ ಒಂದೇ, ಗುಣ ಬೇರೆ. ಅನ್ನ ಬೇಯುವಾಗ ಏಳುವ ಹಬೆ ತಣ್ಣಗಿನ ಕಾಂಕ್ರೀಟು ಮಾಡಿಗೆ ತಾಗಿ ನೀರಾಗಿ ಇಳಿಯುವುದರಿಂದ, ಹಳೆಯ ಮನೆಯಲ್ಲಿ ಅತ್ಯಂತ ಒಣಗಿದ್ದ ಜಾಗವೇ ಹೊಸ ಮನೆಯಲ್ಲಿ ತೇವದ ಜಾಗವಾಗಬಹುದು. ಅನಿಲವು ಉರಿಯುವಾಗಲೂ ನೀರಾವಿ ಬಿಡುಗಡೆಯಾಗುತ್ತದೆ. ಸಜ್ಜಾದ ಮೇಲೆ ಮೆಣಸಿನಕಾಯಿಯ ಚೀಲವಿಟ್ಟು ಹಾಳಾಯಿತೆಂದು ದೂರುವವರು ಬದಲಾದದ್ದು ಒಲೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಕೊಡಗಿನ ಬಹಳಷ್ಟು ಮನೆಗಳು ಇದಕ್ಕೆ ಕಂಡುಕೊಂಡ ದಾರಿ ಎರಡು ಒಲೆಗಳದು. ಒಳಗೆ ಗ್ಯಾಸ್ ಒಲೆ. ಹಿಂಬದಿಯ ಚಾಚುಮಾಡಿನ ಕೆಳಗೆ ಸೌದೆ ಒಲೆ ಮತ್ತು ಸ್ನಾನದ ನೀರಿನ ಹಂಡೆ. ಹಂಡೆಯ ಒಲೆ ದಿನವೂ ಉರಿಯುವುದರಿಂದ ಅದರ ಮೇಲೆ ಗಳ ಕಟ್ಟಿದರೆ ಹಳೆಯ ಅಟ್ಟದ ಕೆಲಸ ಮನೆಯ ಹೊರಗೆ ಮುಂದುವರಿಯುತ್ತದೆ, ಹೊಗೆ ಒಳಗೆ ಬರುವುದಿಲ್ಲ. ಕಾಡಂಚಿನ ಹಾಡಿಗಳಲ್ಲೂ ತೋಟಗಳಲ್ಲೂ ಇದಕ್ಕೆ ಒಂದು ಮಿತಿಯಿದೆ. ಭತ್ತ, ಅಕ್ಕಿ, ಹಲಸಿನ ಹಣ್ಣಿನ ವಾಸನೆಗೆ ಆನೆಗಳು ಮನೆಯ ಬಳಿ ಬರುವುದರಿಂದ ಚಾಚುಮಾಡಿನಡಿ ಸೌದೆ, ಪಾತ್ರೆಗಳನ್ನು ಇಡಬಹುದೇ ಹೊರತು ದಿನಸಿಯನ್ನಲ್ಲ.

ಸೌದೆ ಒಲೆಯನ್ನು ಒಳಗೇ ಉಳಿಸಿಕೊಳ್ಳುವವರಿಗೆ ಹೊಗೆಕೊಳವೆಯುಳ್ಳ ಒಲೆಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ಸ್ಥಾಪನೆಯಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಲ್ಲಿ ಪರಿಚಿತ. ಒಂದೇ ಬೆಂಕಿಯ ಮೇಲೆ ಮೂರು ಪಾತ್ರೆಗಳು ಕೂರುವ ಈ ಒಲೆ ಸೌದೆಯನ್ನು ಮಿತಗೊಳಿಸುತ್ತದೆ. ಸೌದೆ ಕಡಿಮೆಯಾದಷ್ಟೂ ಅದನ್ನು ಪೇರಿಸುವ ಜಾಗವೂ ಕಡಿಮೆಯಾಗುತ್ತದೆ. ಬಿಸಿಯಾದ ಕೊಳವೆಯ ಪಕ್ಕದ ಗೋಡೆ ಉಪ್ಪು, ಬೆಲ್ಲ, ಕಾಫಿಪುಡಿಗಳಿಗೆ ಒಣ ಜಾಗವಾಗಿ ಒದಗುತ್ತದೆ. ಸುಡುವ ವಸ್ತುಗಳು ಕೊಳವೆಗೆ ತಾಗದಂತೆ ಅಂತರ ಬಿಡುವುದು ಅಗತ್ಯ.

ಸಣ್ಣ ಕೋಣೆಯಲ್ಲಿ ಸಿಲಿಂಡರಿನ ಸ್ಥಾನ ಎಚ್ಚರಿಕೆಯ ವಿಷಯ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲವಿರುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಜಾಗ ಉಳಿಸಲೆಂದು ಸಿಲಿಂಡರನ್ನು ಕಟ್ಟೆಯ ಕೆಳಗೆ ಬಾಗಿಲು ಹಾಕಿ ಮುಚ್ಚುವುದಾದರೆ ಬಾಗಿಲಿನ ಬುಡದಲ್ಲಿ ಗಾಳಿಯಾಡಲು ರಂಧ್ರಗಳಿರಬೇಕು. ಸಿಲಿಂಡರನ್ನು ಮಲಗಿಸಬಾರದು; ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು; ಸುರಕ್ಷಾ ಕೊಳವೆ 1.5 ಮೀಟರಿಗಿಂತ ಉದ್ದವಿರಬಾರದು ಮತ್ತು ಐದು ವರ್ಷಕ್ಕೊಮ್ಮೆ ಬದಲಾಗಬೇಕು. ಗ್ಯಾಸ್ ಒಲೆಯನ್ನೂ ಸೌದೆ ಒಲೆಯನ್ನೂ ಒಂದೇ ಕಿರುಕೋಣೆಯಲ್ಲಿ ಒತ್ತೊತ್ತಾಗಿ ಇಡುವುದು ಸ್ಥಳದ ಉಳಿತಾಯವಲ್ಲ, ಅಪಾಯ.

ತಟ್ಟು ಮತ್ತು ಕಪಾಟುಗಳ ಸಾಮಗ್ರಿ

ಅಡುಗೆಮನೆ ಕಟ್ಟುವ ಅಂಗಡಿಗಳಲ್ಲಿ ದೊರೆಯುವ ಅಗ್ಗದ ಕಪಾಟುಗಳು ಹೆಚ್ಚಾಗಿ ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯವು. ತೇವ ಹೀರಿ ಉಬ್ಬುವ ಈ ಹಲಗೆ ಮಡಿಕೇರಿಯಂಥ ಊರಿಗೆ ತಕ್ಕುದಲ್ಲ. ಪ್ಲೈವುಡ್ಡನ್ನೇ ಬಳಸುವುದಾದರೆ ಐಎಸ್ 303 ಮಾನಕದ ಕುದಿನೀರು ನಿರೋಧಕ ದರ್ಜೆ ಅಥವಾ ಐಎಸ್ 710 ಮಾನಕದ ಮರೈನ್ ದರ್ಜೆ ಬೇಕಾಗುತ್ತದೆ. ಇವುಗಳಿಗಿಂತ ಹಳೆಯ ಪರಿಹಾರವಾದ ಕಡಪ ಕಲ್ಲಿನ ತಟ್ಟು ಅಗ್ಗವೂ ಹೌದು, ತೇವಕ್ಕೆ ಜಗ್ಗದ್ದೂ ಹೌದು. ಭಾರವೊಂದೇ ಅದರ ದೋಷ. ಉಕ್ಕಿನ ತಂತಿಯ ತಟ್ಟುಗಳಲ್ಲಿ ಗಾಳಿ ಸುತ್ತಲೂ ಆಡುವುದರಿಂದ ಅವು ಹಳೆಯ ಬಿದಿರಿನ ಅಟ್ಟದ ಸ್ವಭಾವಕ್ಕೆ ಹತ್ತಿರ.

ಕಪಾಟು ಯಾವ ಗೋಡೆಗೆ ಎಂಬುದು ಸಾಮಗ್ರಿಯಷ್ಟೇ ಮುಖ್ಯ. ಮುಂಗಾರಿನ ಎರಚಲು ಪಡುವಣ ಮತ್ತು ನೈಋತ್ಯದ ಹೊರಗೋಡೆಗಳಿಗೆ ಬಡಿಯುತ್ತದೆ. ಆ ಗೋಡೆಗೆ ಕಪಾಟನ್ನು ಅಂಟಿಸಿದರೆ ಹಿಂಬದಿಯಲ್ಲಿ ತೇವ ನಿಂತು ಬೂಸ್ಟು ಬೆಳೆಯುತ್ತದೆ. ದಿನಸಿಯನ್ನು ಒಳಗೋಡೆಗೂ ನೀರಿನ ತೊಟ್ಟಿ ಮತ್ತು ಲೋಹದ ಪಾತ್ರೆಗಳನ್ನು ಹೊರಗೋಡೆಗೂ ಹಂಚುವುದು ಸೂಕ್ತ. ಹೊರಗೋಡೆಗೆ ಕಪಾಟು ಅನಿವಾರ್ಯವಾದಲ್ಲಿ ಎರಡು ಮೂರು ಬೆರಳಿನಷ್ಟು ಸಂದು ಬಿಡಲಾಗುತ್ತದೆ.

2018ರ ಬಳಿಕದ ಪುನರ್ವಸತಿ ಮನೆಗಳು

2018ರ ಆಗಸ್ಟಿನ ಅತಿವೃಷ್ಟಿಯಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಮುಂತಾದ ಕಡೆ ಗುಡ್ಡಗಳು ಕುಸಿದು ಅನೇಕ ಕುಟುಂಬಗಳು ಮನೆ ಕಳೆದುಕೊಂಡವು. ಅವರಿಗಾಗಿ ಕರ್ಣಂಗೇರಿ, ಮದೆ, ಜಂಬೂರು ಮೊದಲಾದೆಡೆ ಬಡಾವಣೆಗಳು ನಿರ್ಮಾಣವಾದವು. ಇಲ್ಲಿನದು ಎರಡು ಮಲಗುವ ಕೋಣೆ, ಹಜಾರ, ಅಡುಗೆಮನೆಯುಳ್ಳ ಕಾಂಕ್ರೀಟು ಮನೆ. ಇದಕ್ಕೂ ಮೊದಲು, 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಿಂದ ಒಕ್ಕಲೆಬ್ಬಿಸಲಾದ ಆದಿವಾಸಿ ಕುಟುಂಬಗಳಿಗೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಇವರಲ್ಲಿ ಅನೇಕರು ಲೈನ್ ಮನೆಗಳಲ್ಲಿ ಬಾಳಿದವರು. ತಮ್ಮದೇ ಗೋಡೆಯ ಅಡುಗೆಮನೆ ಅವರಿಗೆ ಹೊಸದು.

ಬೆಟ್ಟದ ಮೇಲಿನ ತೋಟದ ಮನೆಯಿಂದ ಬಡಾವಣೆಗೆ ಬಂದವರಿಗೆ ಕಡಿಮೆಯಾದದ್ದು ಅಡುಗೆಕೋಣೆಯ ಅಳತೆಗಿಂತ ಅದರ ಸುತ್ತಲಿನ ಜಾಗ. ಸೌದೆಯ ಕೊಟ್ಟಿಗೆ, ಬಚ್ಚಲ ಒಲೆ, ಭತ್ತ ಒಣಗಿಸುವ ಕಣ, ತರಕಾರಿಯ ಹಿತ್ತಲು ಇವು ನಿವೇಶನದ ಲೆಕ್ಕದಲ್ಲಿ ಬರುವುದಿಲ್ಲ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಶುಚಿಯಾದ ಅಡುಗೆಯ ಸ್ಥಳವೂ ಸೇರಿ ಮನೆಗೆ ಕನಿಷ್ಠ 25 ಚದರ ಮೀಟರ್ ನಿಗದಿಪಡಿಸಿದೆ. ಸೌದೆಯನ್ನು ಮಳೆಯಿಂದ ಕಾಯುವ ಚಾಚುಮಾಡು ಅದರಲ್ಲಿಲ್ಲ. ಮಲೆನಾಡಿನ ಮನೆಗಳಲ್ಲಿ ಹಿಂಬಾಗಿಲಿನ ಹೊರಗೆ ತಗಡಿನ ಚಾಚುಮಾಡು ಇಳಿಸಿ, ಅದರಡಿ ಹಂಡೆ ಒಲೆ ಹೂಡಿ, ಒಂದು ಪಕ್ಕಕ್ಕೆ ಸೌದೆ ಪೇರಿಸುವುದು ರೂಢಿ. ಹಿಂಬದಿಯಲ್ಲಿ ಮೀಟರೊಂದೂವರೆ ಜಾಗ ಉಳಿದಿದ್ದರೆ ಇದು ಸಾಧ್ಯ, ನಿವೇಶನದ ಅಂಚಿಗೇ ಗೋಡೆ ಎದ್ದಿದ್ದರೆ ಅಸಾಧ್ಯ. ಮನೆಯ ನಕ್ಷೆ ಬರೆಯುವ ಹೊತ್ತಿಗೇ ಇದು ತೀರ್ಮಾನವಾಗಿರುತ್ತದೆ.